ಬಳ್ಳಿಗಾವೆಯ ಕಾಳಾಮುಖರು ಮತ್ತು ಹೊಂಬುಜದ ದ್ರಾವಿಡಸಂಘ: ಪರಸಾಕ್ಷ್ಯದ ಪ್ರಾಮಾಣ್ಯವನ್ನು ಕುರಿತು

೧

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದ ಶ್ರಾವಕನಿಗೆ ಹೊಂಬುಜವನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಶಾಸನಗಳಲ್ಲಿ ಪೊಂಬುರ್ಚವೆಂದೂ ಪಟ್ಟಿಪೊಂಬುರ್ಚವೆಂದೂ ಕರೆಯಲ್ಪಟ್ಟ ಈ ಊರು ಸಾಂತರರ ರಾಜಧಾನಿ. ಉತ್ತರ ಮಧುರೆಯಿಂದ ಬಂದ ಜಿನದತ್ತರಾಯನ ಕಥೆಯೂ ಪದ್ಮಾವತೀದೇವಿಯ ಸನ್ನಿಧಿಯೂ ಮಲೆನಾಡಿನ ಮನೆಮನೆಗಳಲ್ಲಿ ಪ್ರಸಿದ್ಧವಾದವು. ಆದರೆ ಇದೇ ಸೀಮೆಗೆ ಹೊಂದಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಿ, ಕೇದಾರೇಶ್ವರ ದೇವಾಲಯದ ಶಿಲಾಶಾಸನಗಳನ್ನು ಓದಿದವನಿಗೆ ಅಷ್ಟೇನೂ ಪರಿಚಿತವಲ್ಲದ ಒಂದು ಪಂಥದ ಹೆಸರು ಎದುರಾಗುತ್ತದೆ. ಅದು ಕಾಳಾಮುಖ ಪಂಥ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಬನವಾಸಿ ನಾಡಿನ ರಾಜಧಾನಿಯಲ್ಲಿ ರಾಜಗುರುಗಳಾಗಿ ಮೆರೆದ ಈ ತಪಸ್ವಿಗಳು ಯಾರು? ಅವರ ಆಚಾರವೇನು? ಅವರ ಗ್ರಂಥಗಳೆಲ್ಲಿ? ಈ ಪ್ರಶ್ನೆಗಳು ಸಹಜವಾಗಿ ಹುಟ್ಟುತ್ತವೆ.

ಕೊನೆಯ ಪ್ರಶ್ನೆಯ ಉತ್ತರವೇ ಮೊದಲ ಎರಡು ಪ್ರಶ್ನೆಗಳನ್ನು ಕಠಿನಗೊಳಿಸುತ್ತದೆ. ಕಾಳಾಮುಖರದೆಂದು ನಿರ್ವಿವಾದವಾಗಿ ಹೇಳಬಹುದಾದ ಒಂದು ಗ್ರಂಥವೂ ನಮಗೆ ಉಳಿದುಬಂದಿಲ್ಲ. ಆದ್ದರಿಂದ ಅವರು ರಹಸ್ಯಾಚಾರಿಗಳೆಂಬ ಖ್ಯಾತಿಗೆ ಪಾತ್ರರಾದರು. ಅವರನ್ನು ಕುರಿತ ಜನಜನಿತ ತಿಳಿವಳಿಕೆಯೆಲ್ಲವೂ ಅವರ ಪ್ರತಿವಾದಿಗಳ ಲೇಖನಿಯಿಂದ ಬಂದಿತು. ಒಂದು ಧಾರ್ಮಿಕ ಸಮುದಾಯವನ್ನು ಅದರ ಪ್ರತಿವಾದಿಗಳ ಮಾತಿನಿಂದ ಅಳೆಯುವುದು ಎಷ್ಟರಮಟ್ಟಿಗೆ ಯುಕ್ತ ಎಂಬುದೇ ಪ್ರಕೃತ ಲೇಖನದ ವಿಚಾರ. ಈ ವಿಚಾರವು ಜೈನ ವಿದ್ವಾಂಸರಿಗೆ ಕೇವಲ ಪರಮತದ ವಿಷಯವಲ್ಲ. ಹೊಂಬುಜದ ಪಂಚಕೂಟ ಬಸದಿಯೊಡನೆ ಸಂಬಂಧವುಳ್ಳ ದ್ರಾವಿಡಸಂಘವೂ ಇಂಥದೇ ಪರಸಾಕ್ಷ್ಯದ ತಕ್ಕಡಿಯಲ್ಲಿ ತೂಗಲ್ಪಟ್ಟಿದೆ ಎಂಬುದನ್ನು ಮುಂದೆ ನೋಡಬಹುದು.

೨

ಮೊದಲು ಪರಸಾಕ್ಷ್ಯ. ಯಾಮುನಾಚಾರ್ಯರು ತಮ್ಮ ಆಗಮಪ್ರಾಮಾಣ್ಯದಲ್ಲಿ ಶೈವಪಂಥಗಳನ್ನು ಶೈವ, ಪಾಶುಪತ, ಕಾಪಾಲಿಕ, ಕಾಳಾಮುಖ ಎಂದು ನಾಲ್ಕಾಗಿ ವಿಭಾಗಿಸಿದ್ದಾರೆ. ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಪಾಶುಪತ ಮತವನ್ನು ಖಂಡಿಸುವ ಪ್ರಕರಣದಲ್ಲಿ ಕಾಳಾಮುಖರ ಆಚಾರವನ್ನು ವಿವರಿಸುತ್ತಾರೆ. ಕಪಾಲದಲ್ಲಿ ಉಣ್ಣುವುದು, ಶವದ ಬೂದಿಯಿಂದ ಸ್ನಾನಮಾಡುವುದು, ಅದನ್ನು ಸೇವಿಸುವುದು, ದಂಡವನ್ನು ಹಿಡಿಯುವುದು, ಮದ್ಯದ ಕುಂಭವನ್ನು ಸ್ಥಾಪಿಸಿ ಅದರಲ್ಲಿ ದೇವನನ್ನು ಪೂಜಿಸುವುದು ಇಹಪರಗಳ ಫಲಗಳಿಗೆ ಸಾಧನಗಳೆಂದು ಅವರು ನಂಬಿದ್ದರೆಂಬುದು ಅಲ್ಲಿಯ ಸಾರ. ಮುಂದಿನ ಶತಮಾನಗಳ ಓದುಗರ ಮನಸ್ಸಿನಲ್ಲಿ ನಿಂತ ಕಾಳಾಮುಖನ ಚಿತ್ರ ಇದೇ.

ಜೈನ ಗ್ರಂಥಕಾರರೂ ಇಂಥ ಪಂಥಗಳನ್ನು ಬಲ್ಲವರಾಗಿದ್ದರು. ಸೋಮದೇವಸೂರಿಯು ಶಕ ೮೮೧ರಲ್ಲಿ, ಎಂದರೆ ಕ್ರಿ.ಶ. ೯೫೯ರಲ್ಲಿ, ಮುಗಿಸಿದ ಯಶಸ್ತಿಲಕದಲ್ಲಿ ಚಂಡಮಾರಿಯ ಗುಡಿಯನ್ನು ವರ್ಣಿಸುತ್ತ, ತಮ್ಮ ಶರೀರದ ಮಾಂಸವನ್ನೇ ಕೊಯ್ದು ಮಾರುವ ಮಹಾವ್ರತಿಗಳನ್ನು ಚಿತ್ರಿಸಿದ್ದಾನೆ. ಹಿಂಸೆಯ ಘೋರತೆಯನ್ನು ತೋರುವುದು ಆ ಸಂದರ್ಭದ ಉದ್ದೇಶವಾದ್ದರಿಂದ ಅಲ್ಲಿ ಸಮತೋಲವನ್ನು ಅಪೇಕ್ಷಿಸಲಾಗದು. ಇದಕ್ಕೆ ಪ್ರತಿಯಾಗಿ, ಹರಿಭದ್ರಸೂರಿಯ ಷಡ್ದರ್ಶನಸಮುಚ್ಚಯಕ್ಕೆ ಸುಮಾರು ಕ್ರಿ.ಶ. ೧೪೦೦ರ ವೇಳೆಗೆ ವ್ಯಾಖ್ಯಾನ ಬರೆದ ಗುಣರತ್ನಸೂರಿಯ ರೀತಿ ಬೇರೆ. ನೈಯಾಯಿಕ ತಪಸ್ವಿಗಳ ವೇಷವನ್ನು ಹೇಳುವಾಗ ಆತ ಅವರ ದಂಡ, ಕೌಪೀನ, ಕಂಬಳಿ, ಜಟೆ, ಭಸ್ಮ, ಸೋರೆಯ ಪಾತ್ರೆ, ಕಂದಮೂಲಾಹಾರ, ಅತಿಥಿಸತ್ಕಾರಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಅವರಲ್ಲಿ ಸ್ತ್ರೀಸಹಿತರೂ ಸ್ತ್ರೀರಹಿತರೂ ಇದ್ದು, ರಹಿತರು ಶ್ರೇಷ್ಠರೆನಿಸುತ್ತಾರೆಂದು ತಿಳಿಸುತ್ತಾನೆ. ಬಳಿಕ ಶೈವ, ಪಾಶುಪತ, ಮಹಾವ್ರತಧರ, ಕಾಳಾಮುಖ ಎಂಬ ನಾಲ್ಕು ಭೇದಗಳನ್ನು ಹೇಳುತ್ತಾನೆ. ಇಲ್ಲಿ ಮಹಾವ್ರತಧರರೂ ಕಾಳಾಮುಖರೂ ಬೇರೆಬೇರೆಯಾಗಿ ಎಣಿಸಲ್ಪಟ್ಟಿರುವುದನ್ನೂ, ಖಂಡನೆಯ ಮಾತು ಬರುವ ಮೊದಲು ವೇಷಾಚಾರಗಳು ಯಥಾವತ್ತಾಗಿ ನಿರೂಪಿತವಾಗಿರುವುದನ್ನೂ ಗಮನಿಸಬೇಕು. ಪರಸಾಕ್ಷ್ಯವೆಲ್ಲವೂ ಒಂದೇ ಬಗೆಯದಲ್ಲ. ಯಾವ ಪ್ರಯೋಜನಕ್ಕಾಗಿ ಹೇಳಿದ ಮಾತು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡೇ ಅದನ್ನು ಬಳಸಬೇಕು.

೩

ಇನ್ನು ಶಾಸನಗಳ ಸಾಕ್ಷ್ಯ. ಬಿ. ಎಲ್. ರೈಸ್ ಅವರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ೧೯೦೨ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಸಾಗರ, ಸೊರಬ, ನಗರ, ತೀರ್ಥಹಳ್ಳಿಗಳ ಶಾಸನಗಳನ್ನು ೧೯೦೪ರಲ್ಲಿ ಎಂಟನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. ಬಳ್ಳಿಗಾವೆಯ ಕಾಳಾಮುಖರ ಪರಂಪರೆಯೂ ಹೊಂಬುಜದ ಆಚಾರ್ಯರ ಪರಂಪರೆಯೂ ಹೀಗೆ ಎರಡು ಅಕ್ಕಪಕ್ಕದ ಸಂಪುಟಗಳಲ್ಲಿ ಒಟ್ಟಿಗೆ ಬೆಳಕು ಕಂಡವು. ಡೇವಿಡ್ ಲೊರೆಂಜನ್ ಅವರು ೧೯೭೨ರಲ್ಲಿ ಪ್ರಕಟಿಸಿದ ಕಾಪಾಲಿಕ, ಕಾಳಾಮುಖ ಪಂಥಗಳ ಅಧ್ಯಯನದಲ್ಲಿ ಬಳ್ಳಿಗಾವೆಯ ಶಾಸನಗಳಿಗೆ ಪ್ರಧಾನ ಸ್ಥಾನವಿದೆ.

ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಮಠವು ಕೋಡಿಯಮಠವೆಂದು ಪ್ರಸಿದ್ಧವಾಗಿತ್ತು. ಅಲ್ಲಿಯ ಆಚಾರ್ಯರು ಶಕ್ತಿಪರಿಷತ್ತಿಗೂ, ಪರ್ವತಾವಳಿಯ ಮೂವರಕೋಣೆಯ ಸಂತತಿಗೂ ಸೇರಿದವರು. ಲಾಕುಲ ಸಿದ್ಧಾಂತದ ಅನುಯಾಯಿಗಳು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದವರ ಹೆಸರುಗಳು ಈ ಪರಂಪರೆಯಲ್ಲಿ ಬರುತ್ತವೆ. ಕ್ರಿ.ಶ. ೧೧೬೨ರ, ಕಳಚುರ್ಯ ಬಿಜ್ಜಳನ ಕಾಲದ ಶಾಸನವು ಈ ಮಠವು ಏನೇನಕ್ಕೆ ಆಶ್ರಯವಾಗಿತ್ತೆಂಬುದನ್ನು ದೀರ್ಘವಾಗಿ ಪಟ್ಟಿಮಾಡುತ್ತದೆ. ಸಾಂಗವಾದ ನಾಲ್ಕು ವೇದಗಳ ಅಧ್ಯಯನ. ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ. ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧಾದಿ ದರ್ಶನಗಳ ವ್ಯಾಖ್ಯಾನ. ಲಾಕುಲಸಿದ್ಧಾಂತ ಮತ್ತು ಪಾತಂಜಲಾದಿ ಯೋಗಶಾಸ್ತ್ರಗಳು. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳು ಅಲ್ಲಿ ನಡೆಯುತ್ತಿದ್ದವು. ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ, ಗಾಯಕ ನರ್ತಕರಿಗೂ, ನಾನಾ ದೇಶಗಳ ಭಿಕ್ಷುಕರಿಗೂ ತಡೆಯಿಲ್ಲದ ಅನ್ನದಾನವಿತ್ತು. ರೋಗಿಗಳಿಗೆ ಔಷಧೋಪಚಾರವಿತ್ತು. ಸಕಲ ಪ್ರಾಣಿಗಳಿಗೆ ಅಭಯವನ್ನೀಯುವ ಸ್ಥಾನವದೆಂದೂ ಹೇಳಿದೆ.

ಈ ಪಟ್ಟಿಯಲ್ಲಿ ಜೈನ ಸಂಶೋಧಕನ ಕಣ್ಣನ್ನು ಸೆಳೆಯುವ ಎರಡು ಅಂಶಗಳಿವೆ.

ಮೊದಲನೆಯದು ಶಾಕಟಾಯನ ವ್ಯಾಕರಣ. ಪಾಣಿನಿಗಿಂತ ಪೂರ್ವದ ಶಾಕಟಾಯನನೆಂಬ ವೈಯಾಕರಣನ ಹೆಸರು ಪ್ರಸಿದ್ಧವಾದರೂ ಆತನ ಗ್ರಂಥ ಉಳಿದಿಲ್ಲ. ಕರ್ನಾಟಕದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆ ಹೆಸರಿನಿಂದ ಪಾಠ ಹೇಳಲು ದೊರೆಯುತ್ತಿದ್ದುದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಪಾಲ್ಯಕೀರ್ತಿಯ ವ್ಯಾಕರಣ. ಅದರ ಹೆಸರೂ ಶಬ್ದಾನುಶಾಸನವೆಂದೇ, ಅದರ ಸ್ವೋಪಜ್ಞವೃತ್ತಿ ಅಮೋಘವೃತ್ತಿ. ಶಾಸನದ ಎರಡು ಪದಗಳನ್ನು ಕೂಡಿಸಿ ಓದಿದರೂ ಬಿಡಿಸಿ ಓದಿದರೂ ಈ ಗ್ರಂಥವೇ ಅಲ್ಲಿ ಅಭಿಪ್ರೇತವೆಂದು ತಿಳಿಯುವುದು ಯುಕ್ತ. ಪಾಲ್ಯಕೀರ್ತಿಯು ಯಾಪನೀಯ ಸಂಘದವನು. ಸ್ತ್ರೀಮುಕ್ತಿ, ಕೇವಲಿಭುಕ್ತಿಗಳನ್ನು ಸಮರ್ಥಿಸಿದ ಪ್ರಕರಣಗಳ ಕರ್ತೃ. ಇಂದ್ರನಂದಿಯ ನೀತಿಸಾರವು ಐದು ಜೈನಾಭಾಸಗಳಲ್ಲಿ ಒಂದೆಂದು ಎಣಿಸಿದ ಯಾಪನೀಯ ಸಂಘದ ಯತಿಯೊಬ್ಬನ ವ್ಯಾಕರಣವನ್ನು, ಕಪಾಲಧಾರಿಗಳೆಂದು ನಿಂದಿತರಾದ ಶೈವರು ತಮ್ಮ ಮಠದಲ್ಲಿ ಪಾಠ ಹೇಳುತ್ತಿದ್ದರು. ಓಲೆಯ ಪುಸ್ತಕಗಳು ಮತಗಳ ಗಡಿಯನ್ನು ದಾಟಿ ಸಂಚರಿಸುತ್ತಿದ್ದುವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಎರಡನೆಯದು ಅನ್ನದಾನಕ್ಕೆ ಪಾತ್ರರಾದ ಭಿಕ್ಷುಕರ ಸಾಲಿನಲ್ಲಿ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರೊಡನೆ ಕ್ಷಪಣಕರ ಹೆಸರೂ ಬಂದಿರುವುದು. ಕ್ಷಪಣಕ ಶಬ್ದಕ್ಕೆ ದಿಗಂಬರ ಯತಿ ಎಂಬುದು ರೂಢಿಯ ಅರ್ಥ. ಆದರೆ ನವಧಾ ಭಕ್ತಿಯಿಂದ ಶ್ರಾವಕನು ಪಡಿಗಾಹಿಸಿ ಕೊಟ್ಟ ಆಹಾರವನ್ನಲ್ಲದೆ ಸತ್ರದ ಅನ್ನವನ್ನು ನಿರ್ಗ್ರಂಥ ಮುನಿಯು ಸ್ವೀಕರಿಸಲಾರನು. ಆದ್ದರಿಂದ ಇಲ್ಲಿ ಆ ಪದವು ಸಾಮಾನ್ಯ ಭಿಕ್ಷುಕನೊಬ್ಬನನ್ನು ಸೂಚಿಸುತ್ತಿರಬೇಕು, ಇಲ್ಲವೆ ಯಾವ ಮತದವರಿಗೂ ನಿಷೇಧವಿಲ್ಲವೆಂಬ ಔದಾರ್ಯವನ್ನು ಹೇಳುವ ಪ್ರಶಸ್ತಿಯ ಮಾತಾಗಿರಬೇಕು. ಅನ್ಯಮತದ ಲೇಖಕನಿಗೆ ನಮ್ಮ ಯತಿಗಳ ಆಹಾರವಿಧಿ ಪೂರ್ತಿಯಾಗಿ ತಿಳಿದಿರಲಿಲ್ಲವೆಂದೂ ಊಹಿಸಬಹುದು. ಹಾಗಿದ್ದರೆ, ಸದುದ್ದೇಶದಿಂದ ಬರೆದವನೂ ನೆರೆಯ ಸಮುದಾಯದ ಒಳಗಿನ ಆಚಾರವನ್ನು ತಪ್ಪಾಗಿ ಗ್ರಹಿಸಬಲ್ಲನೆಂದಾಯಿತು.

ಬಳ್ಳಿಗಾವೆಯು ಕಾಳಾಮುಖರೊಬ್ಬರದೇ ಊರಾಗಿರಲಿಲ್ಲ. ಹರಿ, ಹರ, ಕಮಲಾಸನ, ವೀತರಾಗ, ಬುದ್ಧ ಎಂಬ ಐವರ ನೆಲೆಗಳೂ ಅಲ್ಲಿದ್ದುವೆಂದು ಶಾಸನಗಳು ಹೊಗಳುತ್ತವೆ. ಜಯಂತೀಪ್ರಬುದ್ಧವಿಹಾರವು ೧೦೬೫ರಲ್ಲಿ ದತ್ತಿ ಪಡೆಯಿತು. ಸುಕುಮಾರಚರಿತೆಯ ಕವಿ ಶಾಂತಿನಾಥನ ಪ್ರೇರಣೆಯಿಂದ ಅಲ್ಲಿಯ ಮಲ್ಲಿಕಾಮೋದ ಶಾಂತಿನಾಥ ಬಸದಿ ಶಿಲಾಮಯವಾದುದು ೧೦೬೮ರಲ್ಲಿ. ಚಾಲುಕ್ಯಗಂಗಪೆರ್ಮಾನಡಿ ಜಿನಾಲಯಕ್ಕಾಗಿ ಸೇನಗಣದ ರಾಮಸೇನಪಂಡಿತರಿಗೆ ಆರನೆಯ ವಿಕ್ರಮಾದಿತ್ಯನು ಗ್ರಾಮವೊಂದನ್ನು ಬಿಟ್ಟುದು ೧೦೭೭ರಲ್ಲಿ. ಇಂಥ ಊರಿನಲ್ಲಿ ರಾಜಗುರುಪದವಿಯಲ್ಲಿದ್ದವರ ಬಾಳು ಸಾಕಷ್ಟು ಬಹಿರಂಗವಾಗಿಯೇ ನಡೆದಿರಬೇಕು.

೪

ಆದರೆ ಶಾಸನಗಳೂ ನಿಷ್ಪಕ್ಷಪಾತವಾದ ಸಾಕ್ಷಿಗಳಲ್ಲ. ಕ್ರಿ.ಶ. ೧೦೩೬ರಲ್ಲಿ ಜಗದೇಕಮಲ್ಲ ಜಯಸಿಂಹನು ಬಳ್ಳಿಗಾವೆಯ ಪಂಚಲಿಂಗ ದೇವಾಲಯಕ್ಕೆ ದತ್ತಿ ಬಿಟ್ಟಾಗ ಹುಟ್ಟಿದ ಶಾಸನವು ಅಲ್ಲಿಯ ಆಚಾರ್ಯ ಲಕುಲೀಶ್ವರಪಂಡಿತನನ್ನು ಮಹಾವಾದಿಯೆಂದು ಸ್ತುತಿಸುತ್ತ, ಆತನಿಗೆ ಸೋತವರ ಸಾಲಿನಲ್ಲಿ ವಾದಿರಾಜ, ವಾದೀಭಸಿಂಹ ಎಂಬ ಹೆಸರುಗಳನ್ನು ಸೇರಿಸಿದೆ. ವಾದಿರಾಜಸೂರಿಯು ಅದೇ ಜಯಸಿಂಹನ ಆಳ್ವಿಕೆಯಲ್ಲಿ, ಶಕ ೯೪೭ರಲ್ಲಿ (ಕ್ರಿ.ಶ. ೧೦೨೫), ಪಾರ್ಶ್ವನಾಥಚರಿತವನ್ನು ಮುಗಿಸಿದವನು. ಹೊಂಬುಜದ ೧೦೭೭ರ ಶಾಸನದಲ್ಲಿ ಆತನಿಗೆ ಸೋಲಿನ ಸುಳಿವೇ ಇಲ್ಲ. ಸಭೆಯಲ್ಲಿ ಅಕಲಂಕ, ಕೀರ್ತನೆಯಲ್ಲಿ ಧರ್ಮಕೀರ್ತಿ, ಮಾತಿನಲ್ಲಿ ಬೃಹಸ್ಪತಿ, ನ್ಯಾಯವಾದದಲ್ಲಿ ಅಕ್ಷಪಾದ ಎಂಬ ಹೋಲಿಕೆಗಳಿವೆ. ಶ್ರವಣಬೆಳ್ಗೊಳದ ೧೧೨೯ರ ಮಲ್ಲಿಷೇಣಪ್ರಶಸ್ತಿಯೂ ಚಾಲುಕ್ಯ ರಾಜಧಾನಿಯಲ್ಲಿ ಆತನ ವಾದವಿಜಯವನ್ನು ಕೊಂಡಾಡುತ್ತದೆ.

ಎರಡು ಶಾಸನಗಳಲ್ಲಿ ಯಾವುದು ಸತ್ಯವೆಂದು ತೀರ್ಪು ಕೊಡುವುದು ನಿಷ್ಪ್ರಯೋಜಕ. ವಾದೀಭಸಿಂಹ, ವಾದಿರಾಜ ಎಂಬಿವು ಬಿರುದುಗಳೂ ಆಗಿದ್ದುದರಿಂದ ವ್ಯಕ್ತಿಗಳ ಅಭಿನ್ನತೆಯನ್ನೂ ಆತುರದಿಂದ ಸಾಧಿಸಲಾಗದು. ಗ್ರಹಿಸಬೇಕಾದುದು ಇಷ್ಟು: ಪ್ರಶಸ್ತಿಯ ಜಯಾಪಜಯಗಳು ಪ್ರಶಸ್ತಿಯ ಧರ್ಮಕ್ಕೆ ಸೇರಿದವು. ಲಕುಲೀಶ್ವರನೂ ನ್ಯಾಯದರ್ಶನದ ಆಧಾರಸ್ತಂಭನೆಂದು ಹೊಗಳಲ್ಪಟ್ಟವನು. ಜೈನ ತಾರ್ಕಿಕನೂ ಅಕ್ಷಪಾದನಿಗೆ ಹೋಲಿಸಲ್ಪಟ್ಟವನು. ಇಬ್ಬರೂ ಒಂದೇ ತರ್ಕಶಾಸ್ತ್ರದ ಕಣದಲ್ಲಿ ನಿಂತವರು, ಒಬ್ಬನೇ ಅರಸನ ಮನ್ನಣೆಗೆ ಪಾತ್ರರಾದವರು. ಪರಸ್ಪರರ ಗ್ರಂಥಗಳನ್ನು ಓದದೆ ಇಂಥ ವಾದ ನಡೆಯಲಾರದು. ಇದರಿಂದ ಸೌಹಾರ್ದದ ಅತಿರಂಜಿತ ಚಿತ್ರವನ್ನೂ ಕಟ್ಟಬಾರದು. ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನು ಜೈನರನ್ನು ಪಣದಲ್ಲಿ ಸೋಲಿಸಿ ಬಿಜ್ಜಳನಿಂದ ಜಯಪತ್ರ ಪಡೆದನೆಂಬ ವೃತ್ತಾಂತವು, ಕಾಲವು ಎಷ್ಟು ಬೇಗ ಬಿರುಸಾಯಿತೆಂಬುದನ್ನು ತೋರಿಸುತ್ತದೆ.

ಹೀಗಿರುವಾಗ ಶಾಸನದ ಯಾವ ಭಾಗವನ್ನು ನೆಚ್ಚಬೇಕು? ಹೊಗಳಿಕೆಗಿಂತ ದತ್ತಿಯ ಭಾಗವನ್ನು ನೆಚ್ಚುವುದು ಮೇಲು. ಭೂಮಿಯ ಎಲ್ಲೆ, ಆಹಾರದಾನ, ಜೀರ್ಣೋದ್ಧಾರ, ವಿದ್ಯಾದಾನ ಇವು ಊರವರೆಲ್ಲರ ಕಣ್ಣ ಮುಂದೆ ನಡೆಯತಕ್ಕವು. ಅಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ.

೫

ಪರಸಾಕ್ಷ್ಯ ಮತ್ತು ಶಾಸನಗಳನ್ನು ಹೋಲಿಸಿದ ಲೊರೆಂಜನ್ ಮೊದಲಾದವರು, ಕಾಪಾಲಿಕರ ಆಚಾರವನ್ನು ಕಾಳಾಮುಖರ ಮೇಲೆ ಹೊರಿಸಲಾಗಿದೆಯೆಂಬ ಅಭಿಪ್ರಾಯದತ್ತ ಒಲಿದರು. ಅದು ಹಲವು ಕಾಲ ಮಾನ್ಯವಾಗಿತ್ತು. ಈಚಿನ ಹಸ್ತಪ್ರತಿ ಸಂಶೋಧನೆಯು ಈ ನಿರ್ಣಯವನ್ನು ಮತ್ತೆ ಪರಿಶೀಲಿಸುವಂತೆ ಮಾಡಿದೆ.

ನೇಪಾಳದ ಕಾಠ್ಮಂಡುವಿನ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಸುಮಾರು ಒಂಬತ್ತನೆಯ ಶತಮಾನದ ತಾಳೆಯೋಲೆಯ ಪ್ರತಿಯೊಂದು ಉಳಿದಿದೆ. ಅದು ನಿಶ್ವಾಸತತ್ತ್ವಸಂಹಿತೆ. ಅದರ ಮುಖಭಾಗದಲ್ಲಿ ಅತಿಮಾರ್ಗವೆಂಬ ಶೈವ ಶಾಖೆಯ ಎರಡು ವಿಭಾಗಗಳು ವರ್ಣಿತವಾಗಿವೆ. ಮೊದಲನೆಯದು ಪಾಶುಪತ ಪಂಚಾರ್ಥಿಕರದು. ಎರಡನೆಯದು ಲೋಕಾತೀತವೆನಿಸಿದ ವ್ರತ, ಇದರಲ್ಲಿ ಕಪಾಲ, ಖಟ್ವಾಂಗಗಳನ್ನು ಧರಿಸಿ ಸಂಚರಿಸುವ ವಿಧಿಯಿದೆ. ಈ ಎರಡನೆಯದೇ ಲಾಕುಲರ ಮಾರ್ಗವೆಂದೂ, ಕಾಳಾಮುಖರು ಆ ಲಾಕುಲರೇ ಎಂದೂ ಅಲೆಕ್ಸಿಸ್ ಸ್ಯಾಂಡರ್‌ಸನ್ ಅವರು ೨೦೦೬ರಲ್ಲಿ ಪ್ರತಿಪಾದಿಸಿದರು. ಆ ಮುಖಭಾಗದ ಸಂಪಾದಿತ ಪಾಠವನ್ನು ನಿರಜನ್ ಕಾಫ್ಲೆ ಅವರು ೨೦೨೦ರಲ್ಲಿ ಹೊರತಂದರು. ಹಾಗಾದರೆ ಶ್ರೀಭಾಷ್ಯದ ಮಾತು ಕೇವಲ ಕಟ್ಟುಕಥೆಯಲ್ಲ. ವ್ರತದ ಒಂದು ಅಂಶವು ಅದರಲ್ಲಿ ಪ್ರತಿಬಿಂಬಿತವಾಗಿದೆಯೆಂದು ಒಪ್ಪಬೇಕಾಗುತ್ತದೆ.

ರಹಸ್ಯವೆಂಬುದಕ್ಕೂ ಆ ಮಾರ್ಗದಲ್ಲಿ ಬೇರೆಯೇ ಅರ್ಥವಿದ್ದಂತೆ ತೋರುತ್ತದೆ. ೧೯೪೦ರಲ್ಲಿ ತಿರುವನಂತಪುರದಿಂದ ಕೌಂಡಿನ್ಯನ ಪಂಚಾರ್ಥಭಾಷ್ಯದೊಡನೆ ಪ್ರಕಟವಾದ ಪಾಶುಪತಸೂತ್ರದ ಪ್ರಕಾರ, ಸಾಧಕನು ಮೊದಲ ಘಟ್ಟದಲ್ಲಿ ಭಸ್ಮಾದಿ ಚಿಹ್ನೆಗಳನ್ನು ಧರಿಸಿ ದೇವಾಲಯದಲ್ಲಿರಬೇಕು. ಎರಡನೆಯ ಘಟ್ಟದಲ್ಲಿ ಆ ಚಿಹ್ನೆಗಳನ್ನು ಮರೆಮಾಡಿ, ತನ್ನ ವಿದ್ಯೆ ವ್ರತಗಳನ್ನು ಗೋಪ್ಯವಾಗಿಟ್ಟು, ಉನ್ಮತ್ತನಂತೆ ವರ್ತಿಸಿ ಜನರ ಅವಮಾನವನ್ನು ಬೇಕೆಂದೇ ಪಡೆಯಬೇಕು. ನಿಂದಿಸಿದವರ ಪುಣ್ಯವು ಅವನಿಗೂ ಅವನ ಪಾಪವು ಅವರಿಗೂ ಸೇರುವುದೆಂಬುದು ಅಲ್ಲಿಯ ನಂಬಿಕೆ. ಕರ್ಮವು ಕರ್ತೃವನ್ನು ಬಿಟ್ಟು ಬೇರೊಬ್ಬನಿಗೆ ಸಂಕ್ರಮಿಸುವುದೆಂಬ ಈ ಮಾತನ್ನು ಜೈನ ಸಿದ್ಧಾಂತ ಒಪ್ಪದು. ಅದು ಬೇರೆ ವಿಚಾರ. ಇಲ್ಲಿ ಪ್ರಸ್ತುತವಾದುದು, ಮುಚ್ಚಿಡತಕ್ಕದ್ದು ದುರಾಚಾರವಲ್ಲ, ತಪಸ್ಸು ಎಂಬುದು. ಹೊರಗಿನವನ ಕಣ್ಣಿಗೆ ಬಿದ್ದುದು ಜುಗುಪ್ಸೆ ಹುಟ್ಟಿಸುವ ವೇಷ. ವ್ರತಸ್ಥನ ಉದ್ದೇಶವೇ ಅಂಥ ಜುಗುಪ್ಸೆಯನ್ನು ಹುಟ್ಟಿಸುವುದಾಗಿದ್ದರೆ, ನೋಡಿದವನು ಸುಳ್ಳು ಹೇಳಿದನೆನ್ನಲಾಗದು, ಪೂರ್ತಿ ತಿಳಿದನೆಂದೂ ಹೇಳಲಾಗದು.

ಕೋಡಿಯಮಠದ ಆಚಾರ್ಯರು ಈ ಸೂತ್ರಗಳನ್ನು ಎಷ್ಟು ಮಟ್ಟಿಗೆ ಪಾಲಿಸುತ್ತಿದ್ದರೆಂಬುದಕ್ಕೆ ಅವರ ಗ್ರಂಥವೇ ಸಾಕ್ಷಿಯಾಗಬೇಕಾಗಿತ್ತು. ಆ ಮಠಗಳು ಹದಿಮೂರನೆಯ ಶತಮಾನದ ಅನಂತರ ಕ್ಷೀಣಿಸಿ, ಅವುಗಳಲ್ಲಿ ಹಲವು ವೀರಶೈವ ಪರಂಪರೆಯಲ್ಲಿ ಲೀನವಾದವೆಂಬುದು ವಿದ್ವಾಂಸರ ಅಭಿಪ್ರಾಯ. ಪುಸ್ತಕಗಳನ್ನು ಪ್ರತಿಮಾಡುವ ಕೈಗಳು ಇಲ್ಲವಾದಾಗ ಸಮುದಾಯದ ಸ್ವಂತ ಧ್ವನಿಯೂ ನಿಂತಿತು.

೬

ಇದೇ ನ್ಯಾಯವನ್ನು ಈಗ ಹೊಂಬುಜಕ್ಕೆ ಅನ್ವಯಿಸೋಣ. ದೇವಸೇನನು ಧಾರಾನಗರದಲ್ಲಿ ವಿಕ್ರಮ ಸಂವತ್ ೯೯೦ರಲ್ಲಿ (ಕ್ರಿ.ಶ. ೯೩೩) ರಚಿಸಿದ ದರ್ಶನಸಾರವು ದ್ರಾವಿಡಸಂಘದ ಉತ್ಪತ್ತಿಯನ್ನು ಹೇಳುತ್ತದೆ. ಪೂಜ್ಯಪಾದರ ಶಿಷ್ಯ ವಜ್ರನಂದಿಯು ವಿಕ್ರಮ ಸಂವತ್ ೫೨೬ರಲ್ಲಿ ದಕ್ಷಿಣ ಮಧುರೆಯಲ್ಲಿ ಈ ಸಂಘವನ್ನು ಸ್ಥಾಪಿಸಿದನೆಂದೂ, ಬೀಜಗಳಲ್ಲಿ ಜೀವವಿಲ್ಲವೆಂದು ಬೋಧಿಸಿದನೆಂದೂ, ಪ್ರಾಸುಕಾದಿ ನಿಯಮಗಳನ್ನು ಅಲ್ಲಗಳೆದನೆಂದೂ, ಹೊಲ, ಬಸದಿ, ವ್ಯಾಪಾರಗಳಿಂದ ಜೀವಿಸಿ ತಣ್ಣೀರಿನಲ್ಲಿ ಸ್ನಾನಮಾಡಿ ಪಾಪವನ್ನು ಗಳಿಸಿದನೆಂದೂ ಅಲ್ಲಿಯ ಆಪಾದನೆ. ನೀತಿಸಾರವೂ ದ್ರಾವಿಡರನ್ನು ಜೈನಾಭಾಸರಲ್ಲಿ ಎಣಿಸಿತು.

ಹೊಂಬುಜದ ಶಾಸನಗಳಲ್ಲಿ ಕಾಣುವ ದ್ರಾವಿಡಸಂಘವು ಬೇರೆ. ಕಾಡುವೆಟ್ಟಿಯ ಪತ್ನಿ ಚಟ್ಟಲದೇವಿಯು ತೀರಿಹೋದ ತಂಗಿಯ ನಾಲ್ವರು ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡಿಗ, ಬಮ್ಮರನ್ನು ತನ್ನ ಮಕ್ಕಳಂತೆ ಸಾಕಿ, ಅವರೊಡನೆ ೧೦೭೭ರಲ್ಲಿ ಉರ್ವೀತಿಲಕವೆನಿಸಿದ ಪಂಚಕೂಟ ಬಸದಿಯನ್ನು ಮಾಡಿಸಿದಳು. ಅವಳ ಗುರು ಒಡೆಯದೇವನೆನಿಸಿದ ಶ್ರೀವಿಜಯಪಂಡಿತನು ತಿಯಂಗುಡಿಯ ನಿಡುಂಬರೆ ತೀರ್ಥದ ಅರುಂಗಳಾನ್ವಯದ ನಂದಿಗಣದವನು. ಕಮಲಭದ್ರ, ಅಜಿತಸೇನ, ವಾದಿರಾಜ ಮೊದಲಾದ ಆಚಾರ್ಯರ ಹೆಸರುಗಳು ಆ ಶಾಸನಗಳಲ್ಲಿ ಬೆಳಗುತ್ತವೆ. ಪೂಜೆ, ಜೀರ್ಣೋದ್ಧಾರ, ಋಷಿಗಳ ಆಹಾರದಾನಗಳಿಗೆ ಭೂಮಿ ಬಿಡಲ್ಪಟ್ಟಿತು.

ಭೂಮಿಯಿತ್ತು ಎಂಬುದರ ಮಟ್ಟಿಗೆ ದೇವಸೇನನ ಮಾತು ಸುಳ್ಳಲ್ಲ. ಆದರೆ ಅದೇ ೧೦೭೭ರಲ್ಲಿ ಬಳ್ಳಿಗಾವೆಯಲ್ಲಿ ಗ್ರಾಮವನ್ನು ಪಡೆದ ರಾಮಸೇನನು ಸೇನಗಣದವನು. ಹೊಂಬುಜದಲ್ಲಿಯೇ ೮೯೭ರಲ್ಲಿ ವಿಕ್ರಮಸಾಂತರನು ಬಸದಿ ಕಟ್ಟಿಸಿಕೊಟ್ಟುದು ಕೊಂಡಕುಂದಾನ್ವಯದ ಮೌನಿಸಿದ್ಧಾಂತ ಭಟಾರರಿಗೆ. ಕಾಲಧರ್ಮವಾಗಿ ಎಲ್ಲ ಸಂಘಗಳಲ್ಲಿಯೂ ಇದ್ದ ವ್ಯವಸ್ಥೆಯನ್ನು ಒಂದೇ ಸಂಘದ ದೋಷವೆಂದು ಹೇಳಿದರೆ ಅದು ಅಂಶತಃ ಸತ್ಯವಾಗಿಯೂ ಒಟ್ಟಿನಲ್ಲಿ ಅನ್ಯಾಯವಾಗುತ್ತದೆ. ಕಪಾಲವ್ರತದ ವಿಷಯದಲ್ಲಿ ಕಂಡುದೂ ಇದೇ. ಮಲ್ಲಿಷೇಣಪ್ರಶಸ್ತಿಯು ಕೊಂಡಕುಂದ, ಸಮಂತಭದ್ರ, ಅಕಲಂಕರನ್ನು ಸ್ತುತಿಸುವ ಸಾಲಿನಲ್ಲಿಯೇ ನವಸ್ತೋತ್ರಕಾರನಾದ ವಜ್ರನಂದಿಯನ್ನೂ ಗೌರವದಿಂದ ನೆನೆಯುತ್ತದೆ. ಜೈನಾಭಾಸವೆಂಬ ಮಾತನ್ನು ಅಕ್ಷರಶಃ ಹಿಡಿದರೆ ಏಕೀಭಾವಸ್ತೋತ್ರವನ್ನು ನಿತ್ಯ ಪಾಠಮಾಡುವ ದಿಗಂಬರ ಶ್ರಾವಕನು ವಾದಿರಾಜಸೂರಿಯನ್ನು ಎಲ್ಲಿ ನಿಲ್ಲಿಸಬೇಕು? ನ್ಯಾಯವಿನಿಶ್ಚಯವಿವರಣವಿಲ್ಲದೆ ಅಕಲಂಕರ ನ್ಯಾಯವಿನಿಶ್ಚಯವನ್ನು ಬಿಡಿಸಿಕೊಳ್ಳುವುದು ಹೇಗೆ?

ದ್ರಾವಿಡಸಂಘಕ್ಕೆ ಸಿಕ್ಕಿದ, ಕಾಳಾಮುಖರಿಗೆ ಸಿಕ್ಕದ ಭಾಗ್ಯವೊಂದಿದೆ. ವಾದಿರಾಜನ ಗ್ರಂಥಗಳನ್ನು ಇತರ ಸಂಘದವರೂ ಪ್ರತಿಮಾಡಿ ಉಳಿ‍ಸಿದರು. ಆದ್ದರಿಂದಲೇ ದೇವಸೇನನ ಆಪಾದನೆಯ ಎದುರಿಗೆ ಇಡಲು ನಮ್ಮಲ್ಲಿ ಪುಸ್ತಕಗಳಿವೆ. ಲಕುಲೀಶ್ವರಪಂಡಿತನ ಪರವಾಗಿ ಇಡಲು ಕಲ್ಲು ಮಾತ್ರವಿದೆ.

೭

ಇದುವರೆಗಿನ ವಿಚಾರದಿಂದ ಫಲಿತವಾಗುವುದಿಷ್ಟು. ಪ್ರತಿವಾದಿಯ ಗ್ರಂಥವು ತನಗೆ ಅಸಹ್ಯವಾದುದನ್ನು ಹೇಳುತ್ತದೆ. ಶಾಸನವು ಸಮುದಾಯವು ಲೋಕಕ್ಕೆ ತೋರಿದುದನ್ನು ಹೇಳುತ್ತದೆ. ಒಳಗಿನ ಸಾಧನೆಯನ್ನು ಅದರ ಸ್ವಂತ ಆಗಮವೊಂದೇ ಹೇಳಬಲ್ಲದು. ಮೂರರಲ್ಲಿ ಒಂದನ್ನೇ ಹಿಡಿದು ತೀರ್ಪು ಕೊಡುವುದು ನಯವಾದವನ್ನು ಬಲ್ಲವರಿಗೆ ಒಪ್ಪುವುದಿಲ್ಲ. ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣಗಳನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣಗಳನ್ನು ಪ್ರಕಟಿಸುವುದು ಇವು ನೀಚಗೋತ್ರದ ಆಸ್ರವಕ್ಕೆ ಕಾರಣಗಳೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಿಳಿಸುತ್ತದೆ. ಖಂಡನಗ್ರಂಥವನ್ನೂ ಪ್ರಶಸ್ತಿಯನ್ನೂ ಓದುವ ಸಂಶೋಧಕನಿಗೆ ಇದೊಂದು ಉತ್ತಮವಾದ ಮಾನದಂಡವಾಗಬಲ್ಲದು.

ಹಸ್ತಪ್ರತಿಗಳ ಕಾರ್ಯದಲ್ಲಿ ತೊಡಗಿದವರಿಗೆ ಇದರಿಂದ ಒಂದು ಕರ್ತವ್ಯವೂ ಒದಗುತ್ತದೆ. ಜಯರಾಶಿಯ ತತ್ತ್ವೋಪಪ್ಲವಸಿಂಹವು ಎಲ್ಲ ಪ್ರಮಾಣಗಳನ್ನೂ, ಜೈನರದನ್ನೂ ಸೇರಿಸಿ, ನಿರಾಕರಿಸುವ ಗ್ರಂಥ. ಅದರ ತಾಳೆಯೋಲೆಯ ಪ್ರತಿ ೧೯೨೬ರಲ್ಲಿ ದೊರೆತದ್ದು ಪಾಟಣದ ಜೈನ ಭಂಡಾರದಲ್ಲಿ. ೧೯೪೦ರಲ್ಲಿ ಅದನ್ನು ಸಂಪಾದಿಸಿದವರಲ್ಲಿ ಒಬ್ಬರು ಪಂಡಿತ ಸುಖಲಾಲಜಿ. ತಮ್ಮನ್ನು ಖಂಡಿಸಿದವನ ಓಲೆಯನ್ನೂ ಕಾಪಾಡಿದ ಪೂರ್ವಿಕರ ವಂಶದವರು ನಾವು. ಮಲೆನಾಡಿನ ಬಸದಿಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ ಇನ್ನೂ ಬಿಚ್ಚದ ಕಟ್ಟುಗಳನ್ನು ಸೂಚಿಗೊಳಿಸುವಾಗ, ಆದ್ಯಂತವಿಲ್ಲದ ಒಡೆದ ಗರಿಗಳನ್ನೂ, ಅನ್ಯಮತದ್ದೆಂದು ಬದಿಗಿಟ್ಟ ಪ್ರತಿಗಳನ್ನೂ, ಶೈವನ್ಯಾಯದ ಬಿಡಿ ಟಿಪ್ಪಣಿಗಳನ್ನೂ ಕರ್ತೃ, ಗುರುಪರಂಪರೆ, ಲಿಪಿಕಾರರ ವಿವರಗಳೊಡನೆ ಬೇರೆಯಾಗಿ ದಾಖಲಿಸಬೇಕು. ಶಾಕಟಾಯನವ್ಯಾಕರಣದ ಪ್ರತಿಗಳ ಅಂಚುಗಳಲ್ಲಿರುವ ಬರಹಗಳನ್ನು ವಿಶೇಷವಾಗಿ ಗಮನಿಸಬೇಕು; ಕೋಡಿಯಮಠದಲ್ಲಿ ಪಾಠವಾದ ಗ್ರಂಥದ ಪ್ರತಿಪರಂಪರೆಯಲ್ಲಿ ಶೈವ ಅಧ್ಯಾಪಕರ ಕೈಬರಹದ ಕುರುಹು ಉಳಿದಿರುವ ಸಾಧ್ಯತೆಯನ್ನು ಮೊದಲೇ ತಳ್ಳಿಹಾಕಬಾರದು. ಈ ದಿಕ್ಕಿನಲ್ಲಿ ವಿದ್ವಾಂಸರು ಪ್ರಯತ್ನಿಸುವರೆಂದು ಆಶಿಸಲಾಗಿದೆ.